ವ್ಯಾಟ್-ಅವರ್: ಕ್ಯಾಂಪರ್ ಗಾಡಿಯ ಸೋಲಾರ್ ಲೆಕ್ಕದ ಮೊದಲ ಪದ

ಟೆಂಪೋ ಟ್ರಾವೆಲರನ್ನು ಕ್ಯಾಂಪರ್ (ಒಳಗೇ ಮಲಗಿ, ಅಡುಗೆ ಮಾಡಿಕೊಂಡು ತಿರುಗುವ ಗಾಡಿ) ಮಾಡಿಸುವವರು ಮೊದಲು ಕೇಳುವುದು "ಎಷ್ಟು ವ್ಯಾಟಿನ ಪ್ಯಾನೆಲ್ ಹಾಕಿಸಲಿ?" ಅಂತ. ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಮೊದಲು ಬೇಕಾದ್ದು ದಿನದ ಖರ್ಚು, ಅದನ್ನು ಅಳೆಯುವುದು ವ್ಯಾಟ್-ಅವರ್‌ನಲ್ಲಿ. ಉಪಕರಣದ ವ್ಯಾಟನ್ನು ಅದು ಓಡುವ ಗಂಟೆಗಳಿಂದ ಗುಣಿಸಿದರೆ ಬರುವ ಸಂಖ್ಯೆಯೇ ಇದು. ಕರೆಂಟ್ ಬಿಲ್ಲಿನ ಒಂದು ಯೂನಿಟ್ ಅಂದರೆ 1000 ವ್ಯಾಟ್-ಅವರ್.

ವ್ಯಾಟ್ ನೋಡಿ ಹೆದರುವವರು ಗಂಟೆ ಮರೆಯುತ್ತಾರೆ. 750 ವ್ಯಾಟಿನ ಮಿಕ್ಸಿಯಲ್ಲಿ ಐದು ನಿಮಿಷ ಚಟ್ನಿ ರುಬ್ಬಿದರೆ ಹೋಗುವುದು ಬರೀ 60 ಚಿಲ್ಲರೆ ವ್ಯಾಟ್-ಅವರ್. ರುಬ್ಬಿ ಆದಮೇಲೆ ಇನ್ವರ್ಟರ್ ಆಫ್ ಮಾಡದೆ ಬಿಟ್ಟರೆ, ಸುಮ್ಮನೆ ಕೂತೇ ಅದು 15 ವ್ಯಾಟ್ ತಿನ್ನುತ್ತಿದ್ದರೂ ಮರುದಿನದ ಹೊತ್ತಿಗೆ 360 ಖಾಲಿ.

ಇಬ್ಬರಿರುವ ಗಾಡಿಯ ಲೆಕ್ಕ ಹಾಕೋಣ. 12 ವೋಲ್ಟಿನ ಫ್ರಿಜ್ಜು 45 ವ್ಯಾಟ್. ಕಂಪ್ರೆಸರ್ ದಿನದ ಶೇ. 40ರಷ್ಟು ಹೊತ್ತು ಓಡಿದರೆ ಸುಮಾರು 430. ಏಪ್ರಿಲ್‌ನಲ್ಲಿ ರಾಯಚೂರಿನ ಬಿಸಿಲಿಗೆ ಗಾಡಿ ನಿಲ್ಲಿಸಿ ಅದೇ ಫ್ರಿಜ್ಜು ಶೇ. 60 ಹೊತ್ತು ಓಡಿದರೆ 650! 28 ವ್ಯಾಟಿನ ಬಿಎಲ್‌ಡಿಸಿ (ಕಡಿಮೆ ಕರೆಂಟ್ ತಿನ್ನುವ ಮೋಟರಿನ) ಫ್ಯಾನ್ ರಾತ್ರಿ ಎಂಟು ಗಂಟೆ ಹೊತ್ತು ಓಡಿದರೆ 224. ಎಲ್‌ಇಡಿ ದೀಪಗಳಿಗೆ 80, ಮೊಬೈಲು ಲ್ಯಾಪ್‌ಟಾಪಿಗೆ 150, ನೀರಿನ ಪಂಪಿಗೆ 15, ಮೇಲೆ ಮಿಕ್ಸಿ. ಎಲ್ಲ ಸೇರಿ ದಿನಕ್ಕೆ ಸುಮಾರು 1000 ಅಂತಿಟ್ಟುಕೊಳ್ಳಿ.

ಬ್ಯಾಟರಿಯ ಆಂಪ್-ಅವರನ್ನು ವೋಲ್ಟಿನಿಂದ ಗುಣಿಸಿದರೆ ಅದೂ ಇದೇ ಅಳತೆಗೆ ಬರುತ್ತದೆ. 12.8 ವೋಲ್ಟ್, 100 ಆಂಪ್-ಅವರಿನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಅಂದರೆ 1280, ಶೇ. 80 ಬಳಸಿದರೆ ಒಂದು ದಿನಕ್ಕೆ ಸರಿಹೋಯಿತು. ಮನೆ ಯುಪಿಎಸ್‌ನ 150 ಆಂಪ್-ಅವರ್ ಟ್ಯೂಬುಲರ್ (ಸೀಸ-ಆಸಿಡ್ಡಿನ) ಬ್ಯಾಟರಿ 1800 ತೋರಿಸಿದರೂ ಅರ್ಧಕ್ಕಿಂತ ಕೆಳಗಿಳಿಸಿದರೆ ಆಯಸ್ಸು ಕಮ್ಮಿಯಾಗುತ್ತದೆ, ಆದ್ದರಿಂದ ಕೈಗೆ ಸಿಗುವುದು 900. ತೂಕವೂ ಐವತ್ತು ಕಿಲೋ ದಾಟುತ್ತದೆ.

ಈಗ ಪ್ಯಾನೆಲ್. ಇಡೀ ದಿನದ ಬಿಸಿಲನ್ನು ಪೂರ್ತಿ ಬಿಸಿಲಿನ ಗಂಟೆಗಳಾಗಿ ಕೂಡಿಸಿದರೆ ಬಯಲುಸೀಮೆಯಲ್ಲಿ ಸುಮಾರು 5. ಕಾದ ಚಾವಣಿ, ಧೂಳು, ವೈರು ಎಲ್ಲ ಕಳೆದು ಮುಕ್ಕಾಲು ಪಾಲು ಉಳಿಯುತ್ತದೆ. 1000ವನ್ನು 3.75ರಿಂದ ಭಾಗಿಸಿದರೆ 267 ವ್ಯಾಟ್. ಒಂದು 330ರ ಪ್ಯಾನೆಲ್ ಸಾಕು. ಆಷಾಢದ ಮಲೆನಾಡಿನಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಇನ್ನೊಂದು ಪ್ಯಾನೆಲ್ಲಿಗಿಂತ ಇಂಜಿನ್ನಿನ ಆಲ್ಟರ್ನೇಟರಿನಿಂದ ತುಂಬುವ 30 ಆಂಪಿನ ಡಿಸಿ-ಡಿಸಿ ಚಾರ್ಜರ್ ವಾಸಿ: ಎರಡು ಗಂಟೆ ಓಡಿಸಿದರೆ ಸುಮಾರು 780.

ಎಡವಟ್ಟು ಆಗುವುದು ಪ್ಯಾನೆಲ್ಲಿಗೂ ಬ್ಯಾಟರಿಗೂ ನಡುವೆ ಕೂತು ಚಾರ್ಜಿಂಗ್ ನೋಡಿಕೊಳ್ಳುವ ಕಂಟ್ರೋಲರಿನಲ್ಲಿ. 72 ಸೆಲ್ಲಿನ 330 ವ್ಯಾಟ್ ಪ್ಯಾನೆಲ್ಲು '24 ವೋಲ್ಟಿನದು'. ಅಗ್ಗವೆಂದು ಪಿಡಬ್ಲ್ಯೂಎಂ ಕಂಟ್ರೋಲರ್ ಹಾಕಿದರೆ ಅದು ಪ್ಯಾನೆಲ್ಲಿನ ವೋಲ್ಟನ್ನು ಬ್ಯಾಟರಿಯ ಮಟ್ಟಕ್ಕೇ ಎಳೆದುಬಿಡುತ್ತದೆ: ಪ್ಯಾನೆಲ್ಲಿನ 9 ಆಂಪ್ ಗುಣಿಸು 13 ವೋಲ್ಟ್, ಅಂದರೆ 120 ವ್ಯಾಟ್ ಕೂಡ ಇಲ್ಲ. ದುಡ್ಡು ಕೊಟ್ಟದ್ದು 330ಕ್ಕೆ. ಹೆಚ್ಚಿನ ವೋಲ್ಟನ್ನು ಪೋಲು ಮಾಡದೆ ಆಂಪಾಗಿ ಬದಲಿಸಿಕೊಡುವ 30 ಆಂಪಿನ ಎಂಪಿಪಿಟಿ ಕಂಟ್ರೋಲರನ್ನೇ ಹಾಕಿಸಿ.

ಎಲ್ಲ ಸರಿಯಿದ್ದೂ ಟ್ಯೂಬುಲರ್ ಬ್ಯಾಟರಿಯ ಗಾಡಿಯಲ್ಲಿ ನಡುರಾತ್ರಿ ಫ್ರಿಜ್ಜು ನಿಂತರೆ ಬ್ಯಾಟರಿಯನ್ನು ಬೈಯುವ ಮುಂಚೆ ವೈರು ನೋಡಿ. ಆರು ಮೀಟರ್ ದೂರಕ್ಕೆ 1.5 ಚದರ ಮಿಲಿಮೀಟರಿನ ತಾಮ್ರದ ವೈರು ಎಳೆದಿದ್ದರೆ, ಹೋಗಿ ಬರುವ ದಾರಿಯಲ್ಲಿ 4 ಆಂಪಿಗೇ 0.6 ವೋಲ್ಟ್ ಸೋರಿಹೋಗುತ್ತದೆ. ಅರ್ಧ ಇಳಿದ ಬ್ಯಾಟರಿಯ 12.1 ವೋಲ್ಟ್ ಫ್ರಿಜ್ಜಿಗೆ ತಲುಪುವಾಗ 11.5. ಬ್ಯಾಟರಿ ತೀರಾ ಇಳಿಯದಂತೆ ಫ್ರಿಜ್ಜನ್ನು ನಿಲ್ಲಿಸುವ ಅದರ 'ಬ್ಯಾಟರಿ ರಕ್ಷಣೆ' ಸೆಟ್ಟಿಂಗ್ 'ಹೈ'ನಲ್ಲಿದ್ದರೆ ಅಷ್ಟಕ್ಕೇ ಕಟ್ ಆಗಬಹುದು. ಕಂಪ್ರೆಸರ್ ಓಡುತ್ತಿರುವಾಗಲೇ ಫ್ರಿಜ್ಜಿನ ಪ್ಲಗ್ಗಿನ ಹತ್ತಿರ ಮಲ್ಟಿಮೀಟರ್ ಹಿಡಿಯಿರಿ. ಬ್ಯಾಟರಿಯ ತುದಿಗಿಂತ ಅರ್ಧ ವೋಲ್ಟ್ ಕಮ್ಮಿ ಬಂದರೆ 6 ಚದರ ಮಿಲಿಮೀಟರಿನ ವೈರು ಎಳೆಸಿ.