ಜೀರ್ಣೋದ್ಧಾರ: ಕೆಡವಿದ್ದಕ್ಕೆ ಇಡುವ ಹೆಸರಲ್ಲ

ಹಳೆಯ ಟಾಕೀಸನ್ನು ನೆಲಸಮ ಮಾಡಿ ಅದೇ ಜಾಗದಲ್ಲಿ ಮಾಲ್ ಎಬ್ಬಿಸಿದ್ದಕ್ಕೆ ‘ಟಾಕೀಸಿನ ಜೀರ್ಣೋದ್ಧಾರ’ ಎಂಬ ತಲೆಬರಹ. ಪದವನ್ನು ಹೀಗೆ ಬಳಸಿದ್ದನ್ನು ಈ ತಿಂಗಳಲ್ಲಿ ಮೂರನೆಯ ಸಲ ಓದಿದೆ. ಇನ್ನು ಸುಮ್ಮನಿರುವುದು ಕಷ್ಟ.

ಜೀರ್ಣ ಎಂದರೆ ಸವೆದದ್ದು, ಹಳತಾಗಿ ಶಿಥಿಲವಾದದ್ದು. ‘ಜೄ’ ಧಾತುವಿನಿಂದ ಬಂದ ಮಾತು. ಮುಪ್ಪು ಎಂಬರ್ಥದ ‘ಜರೆ’ಯೂ ಅದರದೇ ಕೂಸು. ಹೊಟ್ಟೆಯಲ್ಲಿ ಅನ್ನ ಕರಗುವುದೂ ಜೀರ್ಣವೇ. ಅಗಸ್ತ್ಯರು ಹೊಟ್ಟೆ ಸವರಿಕೊಂಡು ‘ವಾತಾಪಿ ಜೀರ್ಣೋ ಭವ’ ಎಂದ ಮೇಲೆ ಇಲ್ವಲ ಎಷ್ಟು ಕೂಗಿದರೂ ತಮ್ಮ ಹೊರಗೆ ಬರಲಿಲ್ಲ. ಮಾಲ್ ನುಂಗಿದ ಟಾಕೀಸಿನ ಗತಿಯೂ ಅಷ್ಟೇ. ಜೀರ್ಣವೇನೋ ಆಗಿದೆ, ಉದ್ಧಾರ ಆಗಿಲ್ಲ. ‘ಉದ್’ ಮತ್ತು ‘ಹೃ’ ಸೇರಿ ಆದ ಉದ್ಧಾರಕ್ಕೆ ಮೇಲೆತ್ತುವುದು ಎಂದರ್ಥ. ಎತ್ತುವುದಕ್ಕೆ ವಸ್ತುವಾದರೂ ಉಳಿದಿರಬೇಡವೇ?

ನಮ್ಮ ಶಾಸನ ಬರೆದವರಿಗೆ ಈ ಗೊಂದಲ ಇರಲಿಲ್ಲ. ದೇವಾಲಯಕ್ಕೆ ಭೂಮಿ ಬಿಟ್ಟ ಎಷ್ಟೋ ಶಾಸನಗಳಲ್ಲಿ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಸಿಗುತ್ತದೆ: ಮುರಿದದ್ದು, ಬಿರುಕು ಬಿಟ್ಟದ್ದು, ಸವೆದದ್ದು, ಇವುಗಳ ರಿಪೇರಿ. ಅದರ ಜೊತೆಗೇ ಬರುವ ಮಾತುಗಳು ‘ಅಂಗಭೋಗ, ರಂಗಭೋಗ’. ಅಂಗಭೋಗವೆಂದರೆ ದೇವರ ಮೂರ್ತಿಗೆ ಸಲ್ಲುವ ಅಭಿಷೇಕ, ಅಲಂಕಾರದ ಸೇವೆ; ರಂಗಭೋಗವೆಂದರೆ ದೇವರ ಮುಂದೆ ನಡೆಯುವ ಹಾಡು, ಕುಣಿತ, ವಾದ್ಯದ ಸೇವೆ. ಗೋಡೆಯ ಬಿರುಕಿಗೂ ಗೆಜ್ಜೆಯ ಹೆಜ್ಜೆಗೂ ಒಂದೇ ದತ್ತಿ! ಕಟ್ಟಡ ಉಳಿಯಬೇಕು, ಒಳಗಿನ ಆಟವೂ ನಡೆಯಬೇಕು.

ಈ ಪದವನ್ನು ಕೇಳಿಯೇ ಇರದ ಊರಿನಲ್ಲಿ ಇದಕ್ಕೆ ತಕ್ಕ ಉದಾಹರಣೆ ಇದೆ. ಇಂಗ್ಲೆಂಡಿನ ಕಡಲತೀರದ ಮೋರ್ಕಮ್‌ನಲ್ಲಿ 1897ರಲ್ಲಿ ತೆರೆದ ವಿಂಟರ್ ಗಾರ್ಡನ್ಸ್ ರಂಗಮಂದಿರ 1977ರಲ್ಲಿ ಮುಚ್ಚಿತು. ಪಕ್ಕದ ನೃತ್ಯಶಾಲೆಯನ್ನು 1982ರಲ್ಲಿ ಕೆಡವಿಯೇಬಿಟ್ಟರು. ರಂಗಮಂದಿರವಾದರೂ ಉಳಿಯಲೆಂದು 1986ರಲ್ಲಿ ಅಭಿಮಾನಿಗಳು ಒಂದು ಬಳಗ ಕಟ್ಟಿಕೊಂಡರು. ಇಪ್ಪತ್ತು ವರ್ಷಗಳ ಬಳಿಕ, 2006ರಲ್ಲಿ, ಅದರ ಸಂರಕ್ಷಣೆಯ ಟ್ರಸ್ಟ್ ಕಟ್ಟಡವನ್ನೇ ಕೊಂಡುಕೊಂಡಿತು. ಸ್ವಯಂಸೇವಕರು ಬಾಗಿಲು ತೆರೆದು ಪ್ರದರ್ಶನ ನಡೆಸುತ್ತಾರೆ, ದುರಸ್ತಿಯೂ ಹಂತಹಂತವಾಗಿ ಸಾಗುತ್ತದೆ. ರಂಗಭೋಗವೂ ಉಂಟು, ಜೀರ್ಣೋದ್ಧಾರವೂ ಉಂಟು.

ಇನ್ನೊಂದು ತಪ್ಪು ನವೀಕರಣದ್ದು: ಹಳೆಯದನ್ನು ಹೊಸದರಂತೆ ಕಾಣಿಸುವುದನ್ನೂ ಜೀರ್ಣೋದ್ಧಾರ ಎಂದುಬಿಡುವುದು. ಹಾಗೆ ಮಾಡದೆ ಉಳಿಸಿಕೊಂಡ ಉದಾಹರಣೆಯೂ ಇದೆ. ಲಂಡನ್ನಿನ ಪೂರ್ವಭಾಗದ ಗಲ್ಲಿಯೊಂದರಲ್ಲಿ 1859ರ ವಿಲ್ಟನ್ಸ್ ಮ್ಯೂಸಿಕ್ ಹಾಲ್ ಇದೆ. ಹಾಡು ನಿಂತ ಮೇಲೆ ಅದು ಕ್ರೈಸ್ತ ಮಿಷನ್ನಿನ ಸಭಾಂಗಣವಾಯಿತು, ಆಮೇಲೆ ಹಳೆ ಬಟ್ಟೆಯ ಗೋದಾಮಾಯಿತು. 1960ರ ದಶಕದಲ್ಲಿ ಕೆಡವಲು ಹೊರಟಾಗ ಜನ ಅಡ್ಡ ನಿಂತರು. ದೊಡ್ಡ ದುರಸ್ತಿ ಮುಗಿದದ್ದು 2015ರಲ್ಲಿ. ಈಗ ಒಳಗೆ ಹೋದರೆ ಹಗ್ಗದಂತೆ ಹೊಸೆದ ಎರಕದ ಕಬ್ಬಿಣದ ಕಂಬಗಳು ಬಾಲ್ಕನಿಯನ್ನು ಹೊತ್ತು ನಿಂತಿವೆ. ಪದರುಪದರಾಗಿ ಎದ್ದ ಬಣ್ಣ, ಸವೆದ ಗಾರೆ ಎಲ್ಲವೂ ಗೋಡೆಯ ಮೇಲೆ ಹಾಗೆಯೇ ಇವೆ. ಹೊಸದರಂತೆ ಕಾಣಿಸುವ ಗೋಜಿಗೆ ಅವರು ಹೋಗಲಿಲ್ಲ.

ನಾವೋ, ಕಲ್ಲಿನ ಕಂಬಕ್ಕೆ ಎನಾಮಲ್ ಬಳಿದು, ನೆಲಕ್ಕೆ ಟೈಲ್ಸ್ ಹೊದಿಸಿ ಜೀರ್ಣೋದ್ಧಾರ ಸಮಿತಿಯ ಫಲಕ ತೂಗುಹಾಕುತ್ತೇವೆ. ಅದು ನವೀಕರಣ. ಕೆಡವಿ ಕಟ್ಟಿದರೆ ಮರುನಿರ್ಮಾಣ. ಮಾಲ್ ಕಟ್ಟಿದ್ದಕ್ಕೆ ‘ಮಾಲ್ ಕಟ್ಟಿದರು’ ಎಂದರೆ ಸಾಕು.