ಕೊನೆಯ ಪಂದ್ಯಕ್ಕೆ ಮೊದಲೇ ಮುಗಿಯುವ ಮತದಾನ: ಹೈಸ್‌ಮನ್ ಕೈತಪ್ಪಿದ ಕ್ವಾರ್ಟರ್‌ಬ್ಯಾಕ್‌ಗಳು

ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಒಬ್ಬ ಆಟಗಾರನಿಗೆ ಸಿಗಬಹುದಾದ ಅತಿ ದೊಡ್ಡ ಗೌರವ ಹೈಸ್‌ಮನ್ ಟ್ರೋಫಿ. 2000ದಿಂದ 2008ರವರೆಗೆ ಅದನ್ನು ಗೆದ್ದವರಲ್ಲಿ ಏಳು ಮಂದಿ ಅದೇ ಋತುವಿನ ರಾಷ್ಟ್ರೀಯ ಚಾಂಪಿಯನ್‌ಷಿಪ್ ಪಂದ್ಯದಲ್ಲೂ ಆಡಿದರು. ಆ ಏಳರಲ್ಲಿ ಆರು ಮಂದಿ ಸೋತರು. ಅವರಲ್ಲಿ ಐವರನ್ನು ಸೋಲಿಸಿದ ತಂಡಗಳನ್ನು ಮುನ್ನಡೆಸಿದವರು ಹೈಸ್‌ಮನ್ ಎಂದೂ ದಕ್ಕದ ಕ್ವಾರ್ಟರ್‌ಬ್ಯಾಕ್‌ಗಳು. ಪ್ರಶಸ್ತಿ ಸಿಗದ ಕ್ವಾರ್ಟರ್‌ಬ್ಯಾಕ್‌ಗಳಲ್ಲಿ ಅತ್ಯುತ್ತಮ ಯಾರು ಎಂಬ ಜಗಳ ಆ ದೇಶದಲ್ಲಿ ಪ್ರತಿ ಚಳಿಗಾಲವೂ ಮತ್ತೆ ಹೊತ್ತಿಕೊಳ್ಳುತ್ತದೆ. ಹೆಸರುಗಳನ್ನು ಮುಂದಿಟ್ಟು ಕಾದಾಡುವ ಮೊದಲು, ಆ ಹೆಸರುಗಳು ಪ್ರಶಸ್ತಿಯಿಂದ ಹೊರಗೆ ಉಳಿದದ್ದು ಹೇಗೆ ಎಂಬುದನ್ನು ನೋಡಬೇಕು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ದಾಳಿ ಮಾಡುವ ತಂಡದಲ್ಲಿ ಪ್ರತಿ ಸಲ ಚೆಂಡು ಮೊದಲು ಬರುವುದು ಸಾಮಾನ್ಯವಾಗಿ ಕ್ವಾರ್ಟರ್‌ಬ್ಯಾಕ್‌ನ ಕೈಗೆ. ಎಸೆಯಬೇಕೇ, ಪಕ್ಕದವನಿಗೆ ಕೊಡಬೇಕೇ, ತಾನೇ ಹಿಡಿದು ಓಡಬೇಕೇ ಎಂಬುದು ಎರಡು ಮೂರು ಸೆಕೆಂಡುಗಳಲ್ಲಿ ತೀರ್ಮಾನವಾಗಬೇಕು. ಆಡುವವರು ವಿದ್ಯಾರ್ಥಿಗಳೇ ಆದರೂ ಇದನ್ನು ನಮ್ಮ ಅಂತರಕಾಲೇಜು ಕ್ರೀಡಾಕೂಟದಂತೆ ಕಲ್ಪಿಸಿಕೊಳ್ಳಬಾರದು. ಟೆನೆಸೀ ವಿಶ್ವವಿದ್ಯಾಲಯದ ನೇಲಂಡ್ ಕ್ರೀಡಾಂಗಣದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಕೂರುತ್ತಾರೆ. ಕರ್ನಾಟಕದಿಂದ ಓದಲು ಹೋಗಿ ಇಂಥ ಊರುಗಳಲ್ಲಿ ನೆಲೆಸಿದವರಿಗೆ ಶನಿವಾರಗಳಂದು ಊರಿಗೆ ಊರೇ ಒಂದೇ ಬಣ್ಣ ತೊಟ್ಟು ಹೊರಡುವುದು ಚೆನ್ನಾಗಿ ಗೊತ್ತು.

ಟ್ರೋಫಿ ಹುಟ್ಟಿದ್ದು 1935ರಲ್ಲಿ, ನ್ಯೂಯಾರ್ಕಿನ ಡೌನ್‌ಟೌನ್ ಅಥ್ಲೆಟಿಕ್ ಕ್ಲಬ್‌ನಲ್ಲಿ. ಮೊದಲ ವರ್ಷ ಮಿಸಿಸಿಪಿ ನದಿಯ ಪೂರ್ವಕ್ಕೆ ಆಡುವವರನ್ನಷ್ಟೇ ಪರಿಗಣಿಸಲಾಯಿತು. ಮರುವರ್ಷ ಕ್ಲಬ್‌ನ ಕ್ರೀಡಾ ನಿರ್ದೇಶಕ ಜಾನ್ ಹೈಸ್‌ಮನ್ ತೀರಿಕೊಂಡರು. ಪ್ರಶಸ್ತಿಗೆ ಅವರ ಹೆಸರಿಟ್ಟು ಇಡೀ ದೇಶಕ್ಕೆ ತೆರೆದರು. ಬಾಗಿಲು ತೆರೆದರೂ ಕಣ್ಣು ಪೂರ್ವದ ಕಡೆಗೇ ಇತ್ತು. ಚೆಂಡೆಸೆತದ ಸ್ವರೂಪವನ್ನೇ ಬದಲಿಸಿದ ಟೆಕ್ಸಾಸಿನ ಸ್ಯಾಮಿ ಬಾ 1936ರಲ್ಲಿ ನಾಲ್ಕನೆಯವನಾದ. ಗೆದ್ದವನು ಯೇಲ್ ವಿಶ್ವವಿದ್ಯಾಲಯದ ಲ್ಯಾರಿ ಕೆಲ್ಲಿ. ಇಂದಿನ ವ್ಯವಸ್ಥೆಯಲ್ಲಿ ದೇಶವನ್ನು ಆರು ವಲಯಗಳಾಗಿ ಹಂಚಿ, ತಲಾ 145 ಪತ್ರಕರ್ತರಿಗೆ ಮತ ಕೊಡಲಾಗಿದೆ. ಹಿಂದಿನ ವಿಜೇತರಿಗೂ ಮತವಿದೆ; ಅಭಿಮಾನಿಗಳೆಲ್ಲರಿಗೂ ಸೇರಿ ಒಂದು ಮತ. ಪ್ರತಿಯೊಬ್ಬರೂ ಮೂರು ಹೆಸರು ಬರೆಯುತ್ತಾರೆ. ಮೊದಲನೆಯದಕ್ಕೆ ಮೂರು ಅಂಕ, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಒಂದು.

ಪತ್ರಕರ್ತರ ಮತ ಎಂದಮೇಲೆ ಪ್ರಚಾರ ತಪ್ಪಿದ್ದಲ್ಲ. ಅದು ಎಲ್ಲಿಯವರೆಗೆ ಹೋಗುತ್ತಿತ್ತು ಎಂಬುದಕ್ಕೆ 1970ರ ನೋಟ್ರ ಡೇಮ್ ಸಾಕ್ಷಿ. ಅಲ್ಲಿನ ಕ್ವಾರ್ಟರ್‌ಬ್ಯಾಕ್ ಜೋ ಅವರ ಮನೆತನದ ಹೆಸರನ್ನು ಮನೆಯವರು ‘ಥೀಸ್‌ಮನ್’ ಎಂದೇ ಉಚ್ಚರಿಸುತ್ತಿದ್ದರು. ಅದು ಹೈಸ್‌ಮನ್‌ಗೆ ಪ್ರಾಸವಾಗಲಿ ಎಂದು ವಿಶ್ವವಿದ್ಯಾಲಯದ ಕ್ರೀಡಾ ಮಾಹಿತಿ ಅಧಿಕಾರಿ ‘ಥೈಸ್‌ಮನ್’ ಎಂದು ಬದಲಿಸಿದರು. ಪ್ರಶಸ್ತಿ ಸ್ಟ್ಯಾನ್‌ಫರ್ಡಿನ ಜಿಮ್ ಪ್ಲಂಕೆಟ್ ಪಾಲಾಯಿತು. ಬದಲಾದ ಉಚ್ಚಾರ ಮಾತ್ರ ಜೋ ಥೈಸ್‌ಮನ್ ಜೊತೆ ಉಳಿಯಿತು. ಅದೇ ವರ್ಷ ಕೈ ಮುರಿದುಕೊಂಡೂ ಋತುವಿನ ಕೊನೆಗೆ ಮತ್ತೆ ಕಣಕ್ಕಿಳಿದ ಮಿಸಿಸಿಪಿ ವಿಶ್ವವಿದ್ಯಾಲಯದ ಆರ್ಚಿ ಮ್ಯಾನಿಂಗ್ ಮೂರನೆಯವನಾದ. ಈ ಮನೆತನದ ಹೆಸರು ಮುಂದೆಯೂ ಬರುತ್ತದೆ.

1972ರಿಂದ 1983ರವರೆಗಿನ ಹನ್ನೆರಡು ವರ್ಷ ಒಬ್ಬನೇ ಒಬ್ಬ ಕ್ವಾರ್ಟರ್‌ಬ್ಯಾಕ್ ಈ ಟ್ರೋಫಿ ಗೆಲ್ಲಲಿಲ್ಲ. 1973ರಿಂದ ಸತತ ಹನ್ನೊಂದು ವರ್ಷ ಅದು ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್‌ಗಳ ಮನೆ ಸೇರಿತು. ದೊಡ್ಡ ತಂಡಗಳು ಆಗ ಎಸೆತಕ್ಕಿಂತ ಓಟವನ್ನೇ ನಂಬಿದ್ದವು. ವಾರಕ್ಕೊಮ್ಮೆ ನೂರೈವತ್ತು ಗಜ ಓಡಿದವನ ಅಂಕಿ ಅಂಶ ಪತ್ರಿಕೆಯಲ್ಲಿ ಎದ್ದು ಕಾಣುತ್ತಿತ್ತು. ಅದೇ ಕಾಲಕ್ಕೆ ಯೂಟಾದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯ ಎಸೆತದ ಆಟವನ್ನು ಬೇರೊಂದು ಮಟ್ಟಕ್ಕೆ ಒಯ್ದಿತ್ತು. ಅಲ್ಲಿನ ಜಿಮ್ ಮೆಕ್‌ಮಹನ್ 1980ರಲ್ಲಿ 47 ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿ ಅಂಕ ಗಳಿಸುವುದು) ಎಸೆದ. ಮತಪಟ್ಟಿಯಲ್ಲಿ ಸಿಕ್ಕಿದ್ದು ಐದನೆಯ ಸ್ಥಾನ. ಮತದಾನ ಮುಗಿದ ಮೇಲೆ ನಡೆದ ಹಾಲಿಡೇ ಬೌಲ್‌ನಲ್ಲಿ (ಋತುವಿನ ಕೊನೆಗೆ ಆಯ್ದ ತಂಡಗಳ ನಡುವೆ ನಡೆಯುವ ವಿಶೇಷ ಪಂದ್ಯಗಳಿಗೆ ‘ಬೌಲ್’ ಎಂದು ಹೆಸರು), ಕೊನೆಯ ನಾಲ್ಕು ನಿಮಿಷ ಉಳಿದಾಗ ಇಪ್ಪತ್ತು ಅಂಕ ಹಿಂದಿದ್ದ ತಂಡವನ್ನು ಆತ 46-45ರಿಂದ ಗೆಲ್ಲಿಸಿದ. ಅದೇ ತಂಡದ ಸ್ಟೀವ್ ಯಂಗ್ 1983ರಲ್ಲಿ ಎಸೆತಗಳಲ್ಲಿ ಶೇಕಡಾ 71ಕ್ಕೂ ಹೆಚ್ಚನ್ನು ಗುರಿ ಮುಟ್ಟಿಸಿ ಎರಡನೆಯವನಾದ.

ಜಾನ್ ಎಲ್ವೇ 1982ರಲ್ಲಿ ಎರಡನೆಯವನಾದದ್ದಕ್ಕೆ ಇನ್ನೊಂದು ಕಾರಣವೂ ಇದೆ. ಆತನ ನಾಲ್ಕು ವರ್ಷಗಳಲ್ಲಿ ಸ್ಟ್ಯಾನ್‌ಫರ್ಡ್ ಒಮ್ಮೆಯೂ ಬೌಲ್ ಪಂದ್ಯ ತಲುಪಲಿಲ್ಲ. ಕೊನೆಯ ವರ್ಷ ಗೆದ್ದದ್ದು ಐದು, ಸೋತದ್ದು ಆರು. ಗೆಲ್ಲುವ ತಂಡದಲ್ಲಿರಬೇಕು ಎಂಬ ಅಲಿಖಿತ ನಿಯಮ ಇಲ್ಲಿ ಕೆಲಸ ಮಾಡಿತು ಎನ್ನಬಹುದು. ಆದರೆ 1956ರಲ್ಲಿ ಹತ್ತರಲ್ಲಿ ಎಂಟು ಪಂದ್ಯ ಸೋತ ನೋಟ್ರ ಡೇಮ್‌ನ ಪಾಲ್ ಹಾರ್ನಂಗ್‌ಗೆ ಇದೇ ಮತದಾರ ವರ್ಗ ಟ್ರೋಫಿ ಕೊಟ್ಟಿತ್ತು. ಅಲಿಖಿತ ನಿಯಮದ ತೊಂದರೆಯೇ ಇದು: ಯಾರಿಗೆ ಅನ್ವಯ, ಯಾರಿಗಿಲ್ಲ ಎಂಬುದು ಬರೆದಿರುವುದಿಲ್ಲ.

ಕಪ್ಪು ಕ್ವಾರ್ಟರ್‌ಬ್ಯಾಕ್‌ಗಳ ವಿಷಯದಲ್ಲಿ ಆ ಅಲಿಖಿತ ಗೆರೆ ಇನ್ನೂ ಗಟ್ಟಿಯಾಗಿತ್ತು. ಮಿನೆಸೋಟ ತಂಡವನ್ನು 1960ರಲ್ಲಿ ರಾಷ್ಟ್ರೀಯ ಪಟ್ಟಕ್ಕೇರಿಸಿದ ಸ್ಯಾಂಡಿ ಸ್ಟೀವನ್ಸ್ ಮರುವರ್ಷದ ಹೈಸ್‌ಮನ್ ಮತದಲ್ಲಿ ನಾಲ್ಕನೆಯವನಾದ. ಕ್ವಾರ್ಟರ್‌ಬ್ಯಾಕ್ ಆಗಿ ಆಡಲು ವೃತ್ತಿಪರ ತಂಡಗಳು ಅವಕಾಶ ಕೊಡದಿದ್ದಾಗ ಕೆನಡಾಕ್ಕೆ ಹೋಗಬೇಕಾಯಿತು. ಲೂಯಿಸಿಯಾನದ ಗ್ರ್ಯಾಂಬ್ಲಿಂಗ್ ಕಪ್ಪು ವಿದ್ಯಾರ್ಥಿಗಳಿಗಾಗಿ ಹುಟ್ಟಿದ ಸಂಸ್ಥೆ. ಅಲ್ಲಿನ ಡಗ್ ವಿಲಿಯಮ್ಸ್ 1977ರಲ್ಲಿ 38 ಟಚ್‌ಡೌನ್ ಎಸೆದು ನಾಲ್ಕನೆಯವನಾದ. ಅಂಥದ್ದೇ ಇನ್ನೊಂದು ಸಂಸ್ಥೆಯಾದ ಮಿಸಿಸಿಪಿಯ ಆಲ್ಕಾರ್ನ್ ಸ್ಟೇಟ್‌ನ ಸ್ಟೀವ್ ಮೆಕ್‌ನೇರ್ 1994ರಲ್ಲಿ ಎಸೆತ ಮತ್ತು ಓಟ ಸೇರಿ 5,799 ಗಜ ಗಳಿಸಿದ. ಎದುರಾಳಿಗಳು ಸಣ್ಣ ಕಾಲೇಜುಗಳು ಎಂಬ ಆಕ್ಷೇಪದ ನಡುವೆ ಮೂರನೆಯ ಸ್ಥಾನಕ್ಕೆ ನಿಂತ. ಈ ಟ್ರೋಫಿ ಗೆದ್ದ ಮೊದಲ ಕಪ್ಪು ಕ್ವಾರ್ಟರ್‌ಬ್ಯಾಕ್ ಹ್ಯೂಸ್ಟನ್‌ನ ಆಂಡ್ರೆ ವೇರ್, 1989ರಲ್ಲಿ. ಪ್ರಶಸ್ತಿ ಹುಟ್ಟಿ ಅರ್ಧ ಶತಮಾನ ದಾಟಿದ ಮೇಲೆ. ‘ಸಿಗದವರ ಪಟ್ಟಿ’ ಮಾಡುವ ಹಲವರು ಸ್ಟೀವನ್ಸ್ ಹೆಸರನ್ನೇ ಮರೆಯುತ್ತಾರೆ. ನನಗೆ ಅದು ಸಣ್ಣ ಮರೆವಾಗಿ ಕಾಣುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಗದ್ದಲ ಎಬ್ಬಿಸಿದ್ದು 1997ರ ಫಲಿತಾಂಶ. ಆರ್ಚಿಯ ಮಗ ಪೇಟನ್ ಮ್ಯಾನಿಂಗ್ ವೃತ್ತಿಪರ ಲೀಗ್‌ನ ಹಣ ಬಿಟ್ಟು ಟೆನೆಸೀಯಲ್ಲಿ ಕೊನೆಯ ವರ್ಷ ಆಡಲು ಉಳಿದುಕೊಂಡಿದ್ದ. ಟ್ರೋಫಿ ಅವನದೇ ಎಂದು ಋತು ಆರಂಭವಾಗುವ ಮೊದಲೇ ಬಹುತೇಕ ಎಲ್ಲರೂ ಬರೆದಿದ್ದರು. 36 ಟಚ್‌ಡೌನ್ ಎಸೆದ; ತಂಡ ತನ್ನ ಪ್ರಾದೇಶಿಕ ಲೀಗ್ ಗೆದ್ದಿತು. ಆದರೂ 1,815 ಅಂಕಗಳೊಂದಿಗೆ ಗೆದ್ದವನು ಮಿಷಿಗನ್‌ನ ಚಾರ್ಲ್ಸ್ ವುಡ್‌ಸನ್, ಮ್ಯಾನಿಂಗ್‌ಗೆ 1,543. ಮುಖ್ಯವಾಗಿ ರಕ್ಷಣೆಯಲ್ಲಿ ಆಡುವವನೊಬ್ಬ ಹೈಸ್‌ಮನ್ ಗೆದ್ದದ್ದು ಅದೇ ಮೊದಲು. ಟೆನೆಸೀಯವರು ಇಂದಿಗೂ ಇದನ್ನು ಮೋಸ ಎನ್ನುತ್ತಾರೆ. ಅವರ ನೋವಿಗೆ ಬೇರು ಆಳದಲ್ಲಿದೆ: 1951, 1956, 1993, 1997 ಹೀಗೆ ನಾಲ್ಕು ಸಲ ಅವರ ಆಟಗಾರರು ಎರಡನೆಯ ಸ್ಥಾನಕ್ಕೆ ನಿಂತರು, ಮೊದಲನೆಯದು ಒಮ್ಮೆಯೂ ಸಿಗಲಿಲ್ಲ. ಮ್ಯಾನಿಂಗ್ ಮನೆಯದೂ ಅದೇ ಕತೆ. ತಮ್ಮ ಈಲೈ 2003ರಲ್ಲಿ ಮೂರನೆಯವನಾದ. ತಂದೆ, ಇಬ್ಬರು ಮಕ್ಕಳು, ಟ್ರೋಫಿ ಒಂದೂ ಇಲ್ಲ.

ಆದರೂ ಪೇಟನ್‌ಗೆ ಅನ್ಯಾಯವಾಯಿತು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಮುಖ್ಯ ಎದುರಾಳಿ ಫ್ಲೋರಿಡಾ ವಿರುದ್ಧ ಆರಂಭಿಕ ಕ್ವಾರ್ಟರ್‌ಬ್ಯಾಕ್ ಆಗಿ ಆಡಿದ ಮೂರೂ ಪಂದ್ಯಗಳನ್ನು ಆತ ಸೋತಿದ್ದ. ವುಡ್‌ಸನ್ ಓಹಾಯೊ ಸ್ಟೇಟ್ ವಿರುದ್ಧ ಚೆಂಡು ಹಿಡಿದು 78 ಗಜ ಓಡಿ ಟಚ್‌ಡೌನ್ ಗಳಿಸಿದ, ಎದುರಾಳಿಯ ಎಸೆತವೊಂದನ್ನು ತನ್ನ ಗಡಿಯೊಳಗೆ ಕಸಿದ, ದಾಳಿಯಲ್ಲೂ ಆಡಿದ. ಮತದಾನವನ್ನು ಜನವರಿಗೆ ತಳ್ಳಿದ್ದರೂ ಫಲ ಬದಲಾಗುತ್ತಿರಲಿಲ್ಲ: ಮಿಷಿಗನ್ ಒಂದೂ ಸೋಲಿಲ್ಲದೆ ಋತು ಮುಗಿಸಿತು, ಟೆನೆಸೀ ಆರೆಂಜ್ ಬೌಲ್‌ನಲ್ಲಿ ನೆಬ್ರಾಸ್ಕಾಗೆ 42-17ರಿಂದ ಸೋತಿತು.

ಅನ್ಯಾಯ ಎಂಬ ಮಾತು ಸಲ್ಲುವುದು ಎರಡು ವರ್ಷ ಹಿಂದಿನ ಟಾಮಿ ಫ್ರೇಜರ್‌ಗೆ. ನೆಬ್ರಾಸ್ಕಾದ ಈ ಕ್ವಾರ್ಟರ್‌ಬ್ಯಾಕ್ ಆರಂಭಿಕನಾಗಿ ಆಡಿದ 36 ಪಂದ್ಯಗಳಲ್ಲಿ 33 ಗೆದ್ದ. 1994ರಲ್ಲಿ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಋತುವಿನ ಬಹುಭಾಗ ಹೊರಗಿದ್ದು, ಆರೆಂಜ್ ಬೌಲ್‌ಗೆ ಮರಳಿ ಬಂದು ತಂಡಕ್ಕೆ ರಾಷ್ಟ್ರೀಯ ಪಟ್ಟ ತಂದ. ಮರುವರ್ಷ ಸೋಲೇ ಇಲ್ಲದ ತಂಡದ ನಾಯಕತ್ವ ಅವನದು. ಆದರೆ ನೆಬ್ರಾಸ್ಕಾ ಎದುರಾಳಿಗಳನ್ನು ಎಷ್ಟು ಬೇಗ ಮಣಿಸುತ್ತಿತ್ತೆಂದರೆ ಅವನ ವೈಯಕ್ತಿಕ ಅಂಕಿಗಳು ಸಾಧಾರಣವಾಗಿಯೇ ಉಳಿದವು. ಓಹಾಯೊ ಸ್ಟೇಟ್‌ನ ಎಡ್ಡಿ ಜಾರ್ಜ್ 1,800ಕ್ಕೂ ಹೆಚ್ಚು ಗಜ ಓಡಿದ್ದ. ಮತ 1,460ಕ್ಕೆ 1,196.

ಟ್ರೋಫಿ ಹಂಚಿ ಮುಗಿದ ಮೇಲೆ, 1996ರ ಜನವರಿ 2ರಂದು ಅರಿಜೋನಾದ ಟೆಂಪಿಯಲ್ಲಿ ಫಿಯೆಸ್ಟಾ ಬೌಲ್. ಎದುರಿಗೆ ಫ್ಲೋರಿಡಾ. ಮೂರನೆಯ ಕಾಲುಭಾಗದ ಕೊನೆಯಲ್ಲಿ ಫ್ರೇಜರ್ ಚೆಂಡನ್ನು ತನ್ನಲ್ಲೇ ಇಟ್ಟುಕೊಂಡು ಬಲಕ್ಕೆ ಓಡಿದ. ಹತ್ತು ಗಜ ದಾಟುವಷ್ಟರಲ್ಲಿ ಎದುರಾಳಿಗಳು ಗುಂಪಾಗಿ ಮೈಮೇಲೆ ಬಿದ್ದರು. ಒಬ್ಬ ಸೊಂಟ ಹಿಡಿದ, ಇನ್ನೊಬ್ಬ ಹೆಗಲಿಗೆ ಬಿದ್ದ. ಓಟ ಅಲ್ಲಿಗೆ ನಿಂತಂತೆಯೇ ಕಂಡಿತು. ಕಾಲುಗಳು ಮಾತ್ರ ನಿಲ್ಲಲಿಲ್ಲ. ಗುಂಪಿನ ಇನ್ನೊಂದು ಬದಿಯಿಂದ ಒಬ್ಬನೇ ಹೊರಬಂದು ಗೆರೆಯಂಚಿನಲ್ಲಿ ಓಡಿಹೋದ. 75 ಗಜ, ಟಚ್‌ಡೌನ್. ಅಂದು ಅವನೊಬ್ಬನೇ ಓಡಿದ್ದು 199 ಗಜ; ಪಂದ್ಯದ ಫಲಿತಾಂಶ 62-24. ಆ ರಕ್ತದ ತೊಂದರೆಯಿಂದಾಗಿ ಫ್ರೇಜರ್ ಅಮೆರಿಕದ ವೃತ್ತಿಪರ ಲೀಗ್‌ನಲ್ಲಿ ಒಂದು ಪಂದ್ಯವನ್ನೂ ಆಡಲಾಗಲಿಲ್ಲ.

ಹತ್ತು ವರ್ಷದ ನಂತರ ಅದೇ ಮತ್ತೆ ನಡೆಯಿತು. 2005ರಲ್ಲಿ ಟೆಕ್ಸಾಸ್‌ನ ವಿನ್ಸ್ ಯಂಗ್ ಒಂದೇ ಋತುವಿನಲ್ಲಿ 3,000 ಗಜ ಎಸೆದು 1,000 ಗಜ ಓಡಿದ ಮೊದಲಿಗನಾದ. ಪ್ರಶಸ್ತಿ ಮಾತ್ರ ದಕ್ಷಿಣ ಕ್ಯಾಲಿಫೋರ್ನಿಯಾದ ರೆಜಿ ಬುಷ್‌ಗೆ, 2,541 ಅಂಕಗಳಿಗೆ 1,608ರ ಭಾರಿ ಅಂತರದಲ್ಲಿ. 2006ರ ಜನವರಿ 4ರ ರೋಸ್ ಬೌಲ್‌ನಲ್ಲಿ ಇಬ್ಬರೂ ಎದುರುಬದುರಾದರು. ದಕ್ಷಿಣ ಕ್ಯಾಲಿಫೋರ್ನಿಯಾ 34 ಪಂದ್ಯ ಸತತ ಗೆದ್ದು ಬಂದಿತ್ತು. ಕೊನೆಯ ಏಳು ನಿಮಿಷದಲ್ಲಿ ಟೆಕ್ಸಾಸ್ 12 ಅಂಕ ಹಿಂದಿತ್ತು. ಎರಡು ಗಜ ಸಿಕ್ಕಿದ್ದರೆ ಪಂದ್ಯ ಮುಗಿಯುತ್ತಿದ್ದ ಘಳಿಗೆಯಲ್ಲಿ ಬುಷ್‌ನನ್ನು ಹೊರಗೆ ನಿಲ್ಲಿಸಿ ತಂಡ ಬೇರೊಬ್ಬನಿಗೆ ಚೆಂಡು ಕೊಟ್ಟಿತು, ತಡೆಯಲ್ಪಟ್ಟಿತು. ಉಳಿದ ಕೆಲಸ ಯಂಗ್‌ನದು. 19 ಸೆಕೆಂಡು ಬಾಕಿ, ಕೊನೆಯ ಪ್ರಯತ್ನ, ಎಂಟು ಗಜ ದೂರ. ಎಸೆಯಲು ನೋಡಿದ, ಯಾರೂ ಸಿಗದೆ ಬಲ ಮೂಲೆಗೆ ಓಡಿ ಗೆರೆ ದಾಟಿದ. 41-38. ಆ ರಾತ್ರಿ ಎಸೆತ 267 ಗಜ, ಓಟ 200. ಮುಂದೆ ನಿಯಮಬಾಹಿರವಾಗಿ ಲಾಭ ಪಡೆದ ಪ್ರಕರಣದಲ್ಲಿ ಬುಷ್ 2010ರಲ್ಲಿ ಟ್ರೋಫಿ ಹಿಂದಿರುಗಿಸಿದ. 2024ರಲ್ಲಿ ಅದನ್ನು ಮರಳಿ ಕೊಟ್ಟರು. ನಡುವಿನ ಹದಿನಾಲ್ಕು ವರ್ಷ 2005ರ ಸ್ಥಾನ ಖಾಲಿಯಿತ್ತೇ ಹೊರತು ಯಂಗ್‌ಗೆ ಹೋಗಲಿಲ್ಲ.

ಮತದಾನ ಹೀಗೆ ಅವಸರದಲ್ಲಿ ಮುಗಿಯುವುದಕ್ಕೆ ಒಂದು ಹಳೆಯ ಕಾರಣವಿದೆ. ಟ್ರೋಫಿ ಹುಟ್ಟಿದ ಕಾಲಕ್ಕೆ ಬೌಲ್ ಪಂದ್ಯಗಳು ಹೊಸವರ್ಷದ ಸುತ್ತ ನಡೆಯುವ ಪ್ರದರ್ಶನ ಪಂದ್ಯಗಳಾಗಿದ್ದವು. ಋತು ನವೆಂಬರಿಗೇ ಮುಗಿದಂತೆ. ಆ ಭಾವನೆ ನಿಧಾನವಾಗಿ ಸವೆಯಿತು. ಪತ್ರಕರ್ತರ ರಾಷ್ಟ್ರೀಯ ಶ್ರೇಯಾಂಕ ಪಟ್ಟಿ 1968ರಿಂದ ಬೌಲ್‌ಗಳ ನಂತರವೇ ಅಂತಿಮಗೊಳ್ಳುತ್ತದೆ. ಬೌಲ್ ಪಂದ್ಯದ ಅಂಕಿಗಳನ್ನು ಅಧಿಕೃತ ದಾಖಲೆಗೆ ಸೇರಿಸುವುದು 2002ರಲ್ಲಿ ಶುರುವಾಯಿತು. ಹೈಸ್‌ಮನ್ ಮಾತ್ರ ಡಿಸೆಂಬರ್ ಬಿಟ್ಟು ಕದಲಿಲ್ಲ. ವಿಶ್ವಕಪ್‌ನ ಸರಣಿಶ್ರೇಷ್ಠ ಪ್ರಶಸ್ತಿಯನ್ನು ಸೆಮಿಫೈನಲ್‌ಗೂ ಮೊದಲೇ ಘೋಷಿಸಿದರೆ ನಮಗೆ ಹೇಗನ್ನಿಸೀತೋ, ಇದೂ ಹಾಗೆಯೇ.

ಜನವರಿಗೆ ತಳ್ಳಿದರೆ ಅದು ಚಾಂಪಿಯನ್ ತಂಡದ ಕ್ವಾರ್ಟರ್‌ಬ್ಯಾಕ್‌ಗೆ ತಾನಾಗಿ ಸಲ್ಲುವ ಬಹುಮಾನವಾಗುತ್ತದೆ ಎಂಬ ವಾದಕ್ಕೂ ತೂಕವಿದೆ. ಸಣ್ಣ ತಂಡದ ಮೆಕ್‌ನೇರ್‌ಗೆ, ಸೋಲುವ ತಂಡದ ಎಲ್ವೇಗೆ ಅದರಿಂದ ಏನೂ ಸಿಗುತ್ತಿರಲಿಲ್ಲ. ಆದರೆ 2024ರಿಂದ ಹನ್ನೆರಡು ತಂಡಗಳ ಪ್ಲೇಆಫ್ ಬಂದಿದೆ. ಮತಪತ್ರ ಕೊಟ್ಟ ಮೇಲೂ ನಾಲ್ಕು ಪಂದ್ಯ ಆಡಬೇಕಾಗಬಹುದು. ಮೊದಲ ವರ್ಷವೇ ಓಹಾಯೊ ಸ್ಟೇಟ್ ಹಾಗೆ ನಾಲ್ಕನ್ನೂ ಗೆದ್ದು ಚಾಂಪಿಯನ್ ಆಯಿತು. ಫೈನಲ್‌ನಲ್ಲಿ ಮೊದಲ 13 ಎಸೆತಗಳನ್ನೂ ಗುರಿ ಮುಟ್ಟಿಸಿದ ಅದರ ಕ್ವಾರ್ಟರ್‌ಬ್ಯಾಕ್ ವಿಲ್ ಹವರ್ಡ್ ಹೈಸ್‌ಮನ್ ಸಮಾರಂಭಕ್ಕೆ ಆಹ್ವಾನಿತರಾದ ಅಂತಿಮ ಅಭ್ಯರ್ಥಿಗಳಲ್ಲೇ ಇರಲಿಲ್ಲ. ಆ ವರ್ಷದ ವಿಜೇತ, ಕೊಲರಾಡೋದ ಟ್ರಾವಿಸ್ ಹಂಟರ್, ದಾಳಿ ಮತ್ತು ರಕ್ಷಣೆ ಎರಡರಲ್ಲೂ ಆಡಿದ ಅಪರೂಪದವನು. ಜನವರಿಯಲ್ಲಿ ಮತ ಕೇಳಿದ್ದರೂ ನಾನು ಅವನ ಹೆಸರನ್ನೇ ಮೊದಲು ಬರೆಯುತ್ತಿದ್ದೆ. 1995ಕ್ಕೆ ಫ್ರೇಜರ್ ಹೆಸರು, 2005ಕ್ಕೆ ಯಂಗ್ ಹೆಸರು ಬರೆಯುತ್ತಿದ್ದೆ. 1997ಕ್ಕೆ ವುಡ್‌ಸನ್ ಹೆಸರನ್ನು ಹಾಗೆಯೇ ಉಳಿಸುತ್ತಿದ್ದೆ.