ಬೆಟ್ಟಕ್ಕೆ ಒಗ್ಗುವ ಕಟ್ಟಡ

ಚಿಕ್ಕಮಗಳೂರಿನಿಂದ ಬೆಟ್ಟದ ಬುಡದ ಕೈಮರದ ಕಡೆಗೆ ಹೊರಟರೆ ಚಂದ್ರದ್ರೋಣದ ಸಾಲು ಎದುರಿಗೇ ಎದ್ದು ನಿಲ್ಲುತ್ತದೆ. ಇಷ್ಟು ದೊಡ್ಡ ಬೆಟ್ಟದಲ್ಲಿ ಒಂದು ಕಟ್ಟಡ ಎಷ್ಟು ಮಾತ್ರ ಕಂಡೀತು ಅನ್ನಿಸುವುದು ಸಹಜ. ಆದರೆ ಬೆಟ್ಟದ ಏಣಿನ ಮೇಲೆ ಒಂದೇ ಒಂದು ನೀಲಿ ಶೀಟಿನ ಮಾಡು ಇದ್ದರೂ ಸಾಕು, ಹತ್ತಾರು ತಿರುವುಗಳ ಆಚೆಯಿಂದಲೇ ಕಣ್ಣು ಮೊದಲು ಅಲ್ಲಿಗೆ ಹೋಗುತ್ತದೆ.

ನಮ್ಮ ದೃಷ್ಟಿ ಕೆಲಸ ಮಾಡುವ ರೀತಿಯೇ ಇದಕ್ಕೆ ಕಾರಣ. ಕಣ್ಣು ಮತ್ತು ಮಿದುಳು ಒಟ್ಟಾಗಿ ಮೊದಲು ಹುಡುಕುವುದು ಅಂಚುಗಳನ್ನು, ಅಂದರೆ ಬೆಳಕು ಮತ್ತು ಕತ್ತಲು ತಟ್ಟನೆ ಬದಲಾಗುವ ಜಾಗಗಳನ್ನು. ಬೆಳಗುವ ಆಕಾಶದೆದುರು ನಿಂತ ಕಪ್ಪು ಆಕೃತಿ, ಬಾಗುಬಳುಕುಗಳ ನಡುವೆ ಬಂದ ನೇರ ಗೆರೆ, ಬಿಸಿಲಿಗೆ ಫಳಕ್ಕನೆ ಹೊಳೆಯುವ ಗಾಜು, ಈ ಮೂರೂ ನೋಟವನ್ನು ಸೆಳೆದುಕೊಳ್ಳುತ್ತವೆ. ಹಾಗಾಗಿ ಪ್ರವಾಸಿಗರಿಗೆಂದು ಗಿರಿಯಲ್ಲಿ ಕಟ್ಟುವ ಯಾವುದೇ ಕೇಂದ್ರ ನೆತ್ತಿಯನ್ನು ಬಿಟ್ಟು ಕೆಳಗಿಳಿಯಬೇಕು. ಮಾಡಿನ ಹಿಂದೆ ಆಕಾಶದ ಬದಲು ಬೆಟ್ಟವೇ ಕಾಣುವಷ್ಟು ಇಳಿದರೆ ಅರ್ಧ ಕೆಲಸ ಮುಗಿದಂತೆ.

ಹಸಿರು ಬಣ್ಣ ಬಳಿದರೆ ಹೊಂದಿಕೊಂಡೀತು ಎಂಬ ನಂಬಿಕೆ ಬಹಳ ಮಂದಿಗಿದೆ. ನಾನು ಇದನ್ನು ಒಪ್ಪುವುದಿಲ್ಲ. ಈ ಸಾಲಿನ ಮುಳ್ಳಯ್ಯನಗಿರಿಯ ಹುಲ್ಲುಗಾವಲು ಮಳೆಗಾಲದಲ್ಲಿ ಹಸಿರಾಗಿರುತ್ತದೆ. ಬೇಸಿಗೆ ಹೊತ್ತಿಗೆ ಒಣಗಿ ಕಂದು ಹೊನ್ನಿನ ಬಣ್ಣಕ್ಕೆ ತಿರುಗುತ್ತದೆ. ಆಗ ಹಸಿರು ಗೋಡೆ ಎದ್ದು ಕಾಣುತ್ತದೆ. ಕಾಡಿನ ಪಕ್ಕದಲ್ಲೂ ಅದರ ಪಾಡು ಅಷ್ಟೇ. ಎಲೆ ತನ್ನ ಮೇಲೆ ಬೀಳುವ, ಕಣ್ಣಿಗೆ ಕಾಣುವ ಬೆಳಕಿನಲ್ಲಿ ಸುಮಾರು ಹತ್ತನೇ ಒಂದು ಪಾಲನ್ನಷ್ಟೇ ಹಿಂದಕ್ಕೆ ಕಳಿಸುತ್ತದೆ. ಜೊತೆಗೆ ಎಲೆಗಳ ಸಂದಿಯ ನೆರಳೂ ಸೇರಿ ದೂರದ ಕಾಡು ನಾವು ಅಂದುಕೊಂಡದ್ದಕ್ಕಿಂತ ಕಪ್ಪಾಗಿ ಕಾಣುತ್ತದೆ. ನುಣುಪಾದ ಹಸಿರು ಶೀಟು ಅದಕ್ಕಿಂತ ಎಷ್ಟೋ ಪಾಲು ಬೆಳಗಿರುತ್ತದೆ. ಹಳೆಯ ಕಾಫಿ ತೋಟದ ಮನೆಗಳ ಮಂಗಳೂರು ಹೆಂಚನ್ನು ಗಮನಿಸಿ: ಹತ್ತಾರು ಮಳೆಗಾಲ ಕಂಡು, ಪಾಚಿ ಹಿಡಿದು, ಕೆಂಪೆಲ್ಲ ಹೋಗಿ ಕಪ್ಪು ಕಂದಾಗಿರುತ್ತದೆ. ತೋಟದ ನೆರಳಿನೊಳಗೆ ಆ ಮನೆ ಎಲ್ಲಿದೆ ಎಂದು ಹುಡುಕಬೇಕಾಗುತ್ತದೆ. ಹೊಳಪಿಲ್ಲದ, ಸುತ್ತಲಿನ ನೆಲಕ್ಕಿಂತ ಒಂದೆರಡು ಛಾಯೆ ಗಾಢವಾದ ಬಣ್ಣ ಎಲ್ಲ ಕಾಲಕ್ಕೂ ನಡೆಯುತ್ತದೆ.

ಎಲ್ಲಿ ಕೂರಬೇಕು ಎಂಬುದಕ್ಕೆ ಶೋಲಾ ಕಾಡುಗಳಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ಸುತ್ತ ಬೋಳು ದಿಣ್ಣೆಗಳ ಮೇಲೆ ಬರೀ ಹುಲ್ಲು. ಶೋಲಾದ ಮರಗಳೆಲ್ಲ ಬೆಟ್ಟದ ಮಡಿಲುಗಳಲ್ಲಿ ಒತ್ತೊತ್ತಾಗಿ, ಕುಳ್ಳಗೆ, ನೆತ್ತಿಗಳನ್ನು ಒಂದಕ್ಕೊಂದು ಹೆಣೆದುಕೊಂಡು ನಿಂತಿವೆ. ಇಳಿಜಾರನ್ನು ಹತ್ತಿ ಬರುವ ಗಾಳಿ ಏಣಿನ ಮೇಲೆ ಇಕ್ಕಟ್ಟಿಗೆ ಸಿಕ್ಕಿ ವೇಗ ಹೆಚ್ಚಿಸಿಕೊಳ್ಳುತ್ತದೆ. ಮಾಡನ್ನು ಮೇಲಕ್ಕೆ ಕಿತ್ತೆಳೆಯುವ ಬಲ ಅಲ್ಲೇ ಜಾಸ್ತಿ. ಹಾಗೆಂದು ಮಡಿಲಿನ ತಳಕ್ಕೂ ಇಳಿಯುವಂತಿಲ್ಲ, ಅದು ನೀರಿನ ಜಾಗ. ಯಗಚಿಗೂ ವೇದಾವತಿಗೂ ನೀರು ಕೊಡುವ ತೊರೆಗಳು ಈ ಸಾಲಿನ ಇಂಥ ಕೊರಕಲುಗಳಲ್ಲೇ ಹುಟ್ಟುತ್ತವೆ. ಬೆಟ್ಟದ ನೆತ್ತಿಗಿಂತ ಕೆಳಗೆ, ತೊರೆಯಿಂದ ಪಕ್ಕಕ್ಕೆ ಇರುವ ಇಳಿಜಾರಿನ ಹೆಗಲೇ ಕಟ್ಟಡಕ್ಕೆ ತಕ್ಕ ಸ್ಥಳ.

ನೀರಿನ ಲೆಕ್ಕ ಸರಳವಾಗಿದ್ದರೂ ಗಾಬರಿ ಹುಟ್ಟಿಸುತ್ತದೆ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 300 ಚದರ ಮೀಟರಿನ ಮಾಡಿನ ಮೇಲೆ ಒಂದೇ ದಿನ 100 ಮಿ.ಮೀ. ಸುರಿದರೆ 30,000 ಲೀಟರ್! ಪಕ್ಕದಲ್ಲಿ 1,000 ಚದರ ಮೀಟರ್ ಕಾಂಕ್ರೀಟ್ ಪಾರ್ಕಿಂಗ್ ಇದ್ದರೆ ಇನ್ನೂ ಒಂದು ಲಕ್ಷ ಲೀಟರ್. ಮೊದಲು ಹುಲ್ಲಿನ ಬೇರುಗಳ ನಡುವೆ ನಿಧಾನವಾಗಿ ಇಂಗುತ್ತಿದ್ದ ನೀರಿನಲ್ಲಿ ಬಹುಪಾಲು ಈಗ ಒಂದೇ ಚರಂಡಿಯಲ್ಲಿ ನುಗ್ಗಿ ಕೆಳಗಿನ ಮಣ್ಣನ್ನು ಕೊರೆಯುತ್ತದೆ. ಜೆಸಿಬಿಯಿಂದ ಇಳಿಜಾರನ್ನು ನೆಟ್ಟಗೆ ಕಡಿದರಂತೂ ಮೇಲಿನ ಮಣ್ಣಿಗೆ ಕಾಲೇ ಇಲ್ಲದಂತಾಗುತ್ತದೆ. ಮಣ್ಣಿನ ಕಣಗಳ ಸಂದಿಯಲ್ಲಿ ನೀರು ತುಂಬಿ ಒತ್ತಡ ಏರಿದಾಗ ಕಣಗಳ ನಡುವಿನ ಹಿಡಿತ ಸಡಿಲವಾಗುತ್ತದೆ, ಗುಡ್ಡ ಜಾರುತ್ತದೆ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ಸೀಮೆ ಕಂಡ ಭೂಕುಸಿತಗಳನ್ನು ನೆನೆದರೆ ಈ ಮಾತನ್ನು ಹಗುರವಾಗಿ ಆಡಲಾಗದು. ಆದ್ದರಿಂದ ಬೆಟ್ಟದ ಕೇಂದ್ರವನ್ನು ಚಿಕ್ಕಚಿಕ್ಕ ತುಂಡುಗಳಾಗಿ ಒಡೆದು, ನೆಲದ ಏರಿಳಿತಕ್ಕೆ ತಕ್ಕಂತೆ ಮೆಟ್ಟಿಲು ಮೆಟ್ಟಿಲಾಗಿ, ಸಾಧ್ಯವಿದ್ದಲ್ಲಿ ಕಂಬಗಳ ಮೇಲೆ ಕೂರಿಸಬೇಕು. ತಡೆಗೋಡೆ ಅನಿವಾರ್ಯವಾದರೆ ಅದರಲ್ಲಿ ನೀರು ಹೊರಬರಲು ತೂತುಗಳು ಇರಲೇಬೇಕು.

ಪಾಯ ತೋಡುವಾಗಲೇ ಮಣ್ಣನ್ನು ಬೇರೆ ಮಾಡುವ ಕೆಲಸ ನಡೆಯಬೇಕು. ಮೊದಲು ಹುಲ್ಲನ್ನು ಬೇರುಸಹಿತ ಹೆಂಟೆಹೆಂಟೆಯಾಗಿ ಎತ್ತಿ, ನೆರಳಿನಲ್ಲಿ ಜೋಡಿಸಿ, ಒಣಗದಂತೆ ನೋಡಿಕೊಂಡು, ಕೆಲಸ ಮುಗಿದೊಡನೆ ಬಗೆದ ನೆಲದ ಮೇಲೆ ಮತ್ತೆ ಹೊದಿಸಬೇಕು. ಬರಿಯ ಮಣ್ಣು ಬಿಟ್ಟರೆ ಮುಂದಿನ ಮಳೆಗೆ ಯುಪಟೋರಿಯಂ, ಲಂಟಾನದಂಥ ಕಳೆಗಳು ಬಂದು ತುಂಬುತ್ತವೆ. ಹುಲ್ಲಿನ ಕೆಳಗಿನ ಕಪ್ಪು ಮಣ್ಣು ಗೋಡೆಗೆ ಬಾರದು. ಅದರಲ್ಲಿ ಕೊಳೆತ ಎಲೆ ಬೇರುಗಳ ಅಂಶ ಹೆಚ್ಚು. ಅದಕ್ಕೂ ಕೆಳಗಿನ ಕೆಂಪು ಮಣ್ಣನ್ನು ಜರಡಿ ಹಿಡಿದು, ಮರಳು ಬೇಕಿದ್ದರೆ ಬೆರೆಸಿ, ಸ್ವಲ್ಪ ಸಿಮೆಂಟ್ ಕಲಸಿ ಯಂತ್ರದಲ್ಲಿ ಒತ್ತಿದರೆ ಸುಡದೆಯೇ ಇಟ್ಟಿಗೆ ಸಿದ್ಧ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ, ಹಳ್ಳಿಗಳಿಗೆ ತಕ್ಕ ತಂತ್ರಜ್ಞಾನದ ‘ಅಸ್ತ್ರ’ ಕೇಂದ್ರ ಈ ವಿದ್ಯೆಯನ್ನು ಬೆಳೆಸಿತು. ದಕ್ಷಿಣ ಆಫ್ರಿಕಾದ ಮಾಪುಂಗುಬ್ವೆ ಎಂಬಲ್ಲಿನ ಪ್ರವಾಸಿ ಕೇಂದ್ರಕ್ಕೆ ಸ್ಥಳೀಯರೇ ಅಲ್ಲಿನ ಮಣ್ಣಿನಿಂದ ಒತ್ತಿದ ಸುಡದ ಬಿಲ್ಲೆಗಳಿಂದ ಕಮಾನು ಛಾವಣಿಗಳನ್ನು ಕಟ್ಟಿದರು; ಆ ಕೇಂದ್ರಕ್ಕೆ 2009ರಲ್ಲಿ ಜಗತ್ತಿನ ವರ್ಷದ ಕಟ್ಟಡವೆಂಬ ಪ್ರಶಸ್ತಿ ಬಂದಿತು. ಅದು ಒಣ ಸೀಮೆ. ನಮ್ಮ ಮಲೆನಾಡಿನ ಮಣ್ಣಿನ ಗೋಡೆಗಾದರೆ ಇಳಿಜಾರಾದ ಮಾಡು, ಮುಂದಕ್ಕೆ ಚಾಚಿದ ಸೂರು, ಸುತ್ತ ಜಗುಲಿ ಬೇಕೇಬೇಕು. ಹಳೆಯ ಮೇಸ್ತ್ರಿಗಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ದೊಡ್ಡ ಗಾಜಿನ ಬಗ್ಗೆ ಒಂದು ಮಾತು. ಗಾಜಿನಲ್ಲಿ ಪ್ರತಿಫಲಿಸುವ ಮರವನ್ನು ನಿಜವೆಂದು ನಂಬಿ ಹಕ್ಕಿಗಳು ಬಂದು ಬಡಿಯುತ್ತವೆ. ಐದು ಸೆಂಟಿಮೀಟರಿಗೊಂದರಂತೆ ಹೊರಮೈಗೆ ಚುಕ್ಕಿ ಇಟ್ಟರೆ ಈ ಸಾವುಗಳು ಬಹಳಷ್ಟು ತಪ್ಪುತ್ತವೆ.

ಇಷ್ಟೆಲ್ಲ ಮಾಡಿದರೂ ಕಾರುಗಳನ್ನು ಮುಚ್ಚಿಡಲಾಗದು, ಅವಕ್ಕೆ ಕಟ್ಟಡಕ್ಕಿಂತ ಹೆಚ್ಚು ಜಾಗ ಬೇಕು. ಇಂಗ್ಲೆಂಡಿನ ಪುರಾತನ ಕಲ್ಲುವೃತ್ತವಾದ ಸ್ಟೋನ್‌ಹೆಂಜ್‌ನಲ್ಲಿ 2013ರಲ್ಲಿ ತೆರೆದ ಹೊಸ ಕೇಂದ್ರವನ್ನು ಕಲ್ಲುಗಳಿಂದ ಸುಮಾರು 2.4 ಕಿ.ಮೀ. ದೂರದಲ್ಲಿ, ಅಲ್ಲಿಂದ ಕಾಣದಂತೆ ಕಟ್ಟಿದರು. ಜನ ಬಸ್ಸಿನಲ್ಲೋ ನಡೆದೋ ಹೋಗುತ್ತಾರೆ. ಕಲ್ಲುಗಳ ಪಕ್ಕದಲ್ಲಿದ್ದ ಹಳೆಯ ರಸ್ತೆಯನ್ನು ಕಿತ್ತು ಹುಲ್ಲು ಬೆಳೆಸಿದರು. ಮುಳ್ಳಯ್ಯನಗಿರಿಗೂ ಇದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಮಾಹಿತಿ, ಪ್ರದರ್ಶನ, ಊಟ, ಪಾರ್ಕಿಂಗ್ ಎಲ್ಲವೂ ಕೈಮರದ ಆಸುಪಾಸಿನಲ್ಲೇ ಇರಲಿ. ಅಲ್ಲಿಂದ ಮೇಲಕ್ಕೆ ಮಿನಿ ಬಸ್. ಗಿರಿಯಲ್ಲಿ ಮಳೆಗಾಳಿಗೆ ನಿಲ್ಲಲು ಒಂದು ಕಲ್ಲಿನ ಮಂಟಪ ಮತ್ತು ಶೌಚಾಲಯ ಸಾಕು. ಆ ಶೌಚಾಲಯಕ್ಕೂ ಇಂಗುಗುಂಡಿ ಬೇಡ. ಕೆಳಗಿನ ಊರುಗಳಿಗೆ ಹರಿಯುವ ತೊರೆಗಳ ತಲೆಯ ಮೇಲೇ ಅದು ಬರುತ್ತದೆ. ಸೋರದ ಟ್ಯಾಂಕಿನಲ್ಲಿ ತುಂಬಿಸಿ, ಗಾಡಿಯಲ್ಲಿ ಕೆಳಗಿಳಿಸಿ ಶುದ್ಧೀಕರಿಸಬೇಕು. ಅದರ ಖರ್ಚನ್ನು ಮೊದಲ ಅಂದಾಜುಪಟ್ಟಿಯಲ್ಲೇ ಬರೆಯಬೇಕು.